ಸಿಡಿಲಿನ ಕಿಚ್ಚು ಆರಿದ ಮೇಲೆ: ಸುಟ್ಟ ಕಾಡುನೆಲದ ಆರೈಕೆ

ಕಾಡಿಗೆ ಬಿದ್ದ ಬೆಂಕಿ ಆರಿತೆಂದರೆ ಅದರ ಸುದ್ದಿಯೂ ಆರುತ್ತದೆ. ಎಷ್ಟು ಎಕರೆ ಸುಟ್ಟಿತು, ಎಷ್ಟು ಮರ ಹೋದವು ಎಂಬ ಲೆಕ್ಕ ಮುಗಿದ ಮೇಲೆ ಸುಟ್ಟ ಗುಡ್ಡದ ಕಡೆಗೆ ತಿರುಗಿ ನೋಡುವವರು ಕಡಿಮೆ. ಆದರೆ ನೆಲಕ್ಕೆ ದೊಡ್ಡ ಹಾನಿಯಾಗುವುದು ಅನೇಕ ವೇಳೆ ಬೆಂಕಿ ಆರಿದ ನಂತರವೇ. ಹುಲ್ಲು, ತರಗೆಲೆಗಳ ಹೊದಿಕೆ ಕಳೆದುಕೊಂಡ ಇಳಿಜಾರಿನ ಮೇಲೆ ಮೊದಲ ಬಿರುಮಳೆ ಬಿದ್ದಾಗ ಮೇಲ್ಮಣ್ಣು ಕೊಚ್ಚಿಹೋಗುತ್ತದೆ. ಮರ ಮತ್ತೆ ಚಿಗುರಬಹುದು. ಹಳ್ಳ ಸೇರಿದ ಮಣ್ಣು ಗುಡ್ಡಕ್ಕೆ ಮರಳುವುದಿಲ್ಲ.

ಸಿಡಿಲಿನಿಂದ ಹೊತ್ತಿದ ಬೆಂಕಿಯಲ್ಲಿ ಈ ಅಪಾಯ ಇನ್ನಷ್ಟು ಸಮೀಪದ್ದು. ಫೆಬ್ರವರಿ, ಮಾರ್ಚ್ ತಿಂಗಳಲ್ಲಿ ಮನುಷ್ಯರು ಹಚ್ಚಿದ ಬೆಂಕಿಗೂ ಮುಂಗಾರಿಗೂ ನಡುವೆ ಎರಡು ಮೂರು ತಿಂಗಳ ಅಂತರವಿರುತ್ತದೆ. ಸಿಡಿಲು ಬೀಳುವುದು ಮಳೆಗಾಲದ ಹೊಸ್ತಿಲಿನಲ್ಲಿ. ಹೀಗಾಗಿ ನೆಲದ ರಕ್ಷಣೆಗೆ ದೊರೆಯುವ ಕಾಲ ಕೆಲವೇ ವಾರ, ಕೆಲವೊಮ್ಮೆ ಕೆಲವೇ ದಿನ. ಬಳ್ಳಾರಿ ಜಿಲ್ಲೆಯ ಕುಡತಿನಿ ಸುತ್ತಲಿನಂತಹ ಒಣಸೀಮೆಯ ಗುಡ್ಡಗಳಿಗೆ ಈ ಲೆಕ್ಕಾಚಾರ ಬಹಳ ಮುಖ್ಯ.

ಕುಡತಿನಿಯ ನೆಲ

ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವ ಹೆದ್ದಾರಿಯಲ್ಲಿ ಸಿಗುವ ಕುಡತಿನಿ, ಉಷ್ಣ ವಿದ್ಯುತ್ ಸ್ಥಾವರದಿಂದಾಗಿ ನಾಡಿಗೆಲ್ಲ ಪರಿಚಿತ. ಪುರಾತತ್ತ್ವಜ್ಞರಿಗೆ ಮಾತ್ರ ಅದು ಬೂದಿಗುಡ್ಡದ ಊರು. ನವಶಿಲಾಯುಗದ ಪಶುಪಾಲಕರು ದನದ ಸಗಣಿಯನ್ನು ರಾಶಿ ಹಾಕಿ ಪದೇ ಪದೇ ಸುಟ್ಟಿದ್ದರಿಂದ ಉಂಟಾದ ಈ ದಿಬ್ಬವನ್ನು 19ನೆಯ ಶತಮಾನದಲ್ಲಿ ನ್ಯೂಬೋಲ್ಡ್, ರಾಬರ್ಟ್ ಬ್ರೂಸ್ ಫೂಟ್ ಮುಂತಾದವರು ಪರಿಶೀಲಿಸಿ ದಾಖಲಿಸಿದರು. ತೀವ್ರ ಶಾಖಕ್ಕೆ ಕರಗಿ ಗಟ್ಟಿಯಾದ ಕಿಟ್ಟದ ಪದರಗಳಿಂದಾಗಿ ಆ ಬೂದಿ ಸಾವಿರಾರು ವರ್ಷಗಳಿಂದ ನಿಂತಿದೆ. ಕಾಡಿನ ಬೆಂಕಿಯ ಬೂದಿಗೆ ಅಂತಹ ಆಯುಷ್ಯವಿಲ್ಲ. ಗಾಳಿಗೆ ಹಾರಿ, ಮೊದಲ ಮಳೆಗೆ ತೊಳೆದು ಹೋಗುವ ವಸ್ತು ಅದು.

ಕುಡತಿನಿಗೆ ನೈಋತ್ಯದಲ್ಲಿ ಸಂಡೂರಿನ ಬೆಟ್ಟಸಾಲುಗಳಿವೆ. ಕಬ್ಬಿಣದ ಅದಿರಿನ ಕೆಂಪು ನೆಲದ ಈ ಬೆಟ್ಟಗಳಲ್ಲಿ ಬೇಸಿಗೆಗೆ ಎಲೆಯುದುರಿಸುವ ಕಾಡು ಇದೆ. ಬಯಲಿಗೆ ಇಳಿದಂತೆ ಬಂಡೆಗಳ ನಡುವಿನ ಕುರುಚಲು, ಮುಳ್ಳುಪೊದೆ, ಹುಲ್ಲುಗಾವಲು ಕಾಣುತ್ತವೆ. ದಿಂಡಿಗ, ಕಮರ, ಕಗ್ಗಲಿ, ಮುತ್ತುಗ, ತೂಬರೆ, ಬೇವು, ತಂಗಡಿ ಇಲ್ಲಿನ ಸಾಮಾನ್ಯ ಸಸ್ಯಗಳು. ವರ್ಷದ ಮಳೆ ಬಯಲಿನಲ್ಲಿ ಸುಮಾರು 500 ಮಿಲಿಮೀಟರ್ ಆಸುಪಾಸು. ಅದರಲ್ಲಿ ದೊಡ್ಡ ಪಾಲು ಬೀಳುವುದು ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ. ಒಟ್ಟು ಮಳೆ ಕಡಿಮೆಯಾದರೂ ಅದು ಕೆಲವೇ ದಿನಗಳಲ್ಲಿ ರಭಸವಾಗಿ ಸುರಿಯುವುದರಿಂದ ಮಣ್ಣಿನ ಸವಕಳಿ ಕಡಿಮೆಯೇನಲ್ಲ.

ಈ ಬೆಟ್ಟಗಳ ನೀರು ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ಗಮನಿಸಬೇಕು. ಸಂಡೂರು ಕಣಿವೆಯ ನಾರಿಹಳ್ಳ ಬೆಟ್ಟಗಳನ್ನು ಸೀಳಿಕೊಂಡು ಹರಿದು ದರೋಜಿ ಕೆರೆಯನ್ನು ಸೇರುತ್ತದೆ. ಆದುದರಿಂದ ಗುಡ್ಡದ ಮೇಲಿನ ಬೆಂಕಿ ಗುಡ್ಡಕ್ಕೆ ಮಾತ್ರ ಸಂಬಂಧಿಸಿದ್ದಲ್ಲ. ಅಲ್ಲಿ ಕಳಚಿದ ಮಣ್ಣು ಕೆಳಗಿನ ಕೆರೆ, ಹಳ್ಳಗಳಲ್ಲಿ ಹೂಳಾಗಿ ಕೂರುತ್ತದೆ.

ಸಿಡಿಲು ಕಾಡನ್ನು ಸುಡುವುದು ಹೇಗೆ?

ಭಾರತದ ಕಾಳ್ಗಿಚ್ಚುಗಳಲ್ಲಿ ಬಹುಪಾಲು ಮನುಷ್ಯರಿಂದಲೇ ಉಂಟಾಗುವಂಥವು. ಹೊಸ ಹುಲ್ಲಿಗಾಗಿ ಹಚ್ಚಿದ ಬೆಂಕಿ, ಎಸೆದ ಬೀಡಿ, ಹೊಲದ ಕೂಳೆ ಸುಡುವಾಗ ಹಾರಿದ ಕಿಡಿ, ದ್ವೇಷ ಇವು ಸಾಮಾನ್ಯ ಕಾರಣಗಳು. ಸಿಡಿಲಿನ ಬೆಂಕಿ ಇಲ್ಲಿ ವಿರಳ. ಏಕೆಂದರೆ ನಮ್ಮಲ್ಲಿ ಸಿಡಿಲು ಸಾಮಾನ್ಯವಾಗಿ ಮಳೆಯನ್ನು ಜೊತೆಗೆ ಕರೆತರುತ್ತದೆ. ಆದರೆ ಏಪ್ರಿಲ್ ಮಧ್ಯದ ಅಶ್ವಿನಿ ಮಳೆಯಿಂದ ಮೇ ಕೊನೆಯ ರೋಹಿಣಿ ಮಳೆಯವರೆಗಿನ ಅವಧಿಯಲ್ಲಿ ಪರಿಸ್ಥಿತಿ ಬೇರೆ. ಹುಲ್ಲು ಪೂರ್ತಿ ಒಣಗಿರುತ್ತದೆ, ಗಾಳಿ ಜೋರಾಗಿರುತ್ತದೆ, ಮೋಡ ಒಂದು ಗುಡ್ಡದ ಮೇಲೆ ಸುರಿದು ಪಕ್ಕದ ಗುಡ್ಡವನ್ನು ಒಣಗಿಸಿಯೇ ಬಿಡುತ್ತದೆ. ಆಗ ಒಣಮರಕ್ಕೆ ಬಡಿದ ಸಿಡಿಲು ಬೆಂಕಿಗೆ ಮೂಲವಾಗಬಲ್ಲದು.

ಸಿಡಿಲಿನ ಬೆಂಕಿಯ ಒಂದು ಲಕ್ಷಣ ಅದರ ತಾಳ್ಮೆ. ಪೊಳ್ಳು ಕಾಂಡದೊಳಗೆ ಅಥವಾ ಒಣ ಬೇರಿನಲ್ಲಿ ಕೆಂಡ ದಿನಗಟ್ಟಲೆ ಅಡಗಿದ್ದು, ಬಿಸಿಲು ಗಾಳಿ ಕೂಡಿಬಂದಾಗ ಹುಲ್ಲಿಗೆ ಹಬ್ಬಬಹುದು. ಆದುದರಿಂದ 'ಆ ದಿನ ಸಿಡಿಲೇ ಇರಲಿಲ್ಲ' ಎಂಬ ಕಾರಣಕ್ಕೆ ಸಿಡಿಲನ್ನು ತಳ್ಳಿಹಾಕಲಾಗದು. ಹಾಗೆಯೇ ಸಾಕ್ಷ್ಯವಿಲ್ಲದೆ ಎಲ್ಲವನ್ನೂ ಸಿಡಿಲಿನ ತಲೆಗೆ ಕಟ್ಟುವುದೂ ಸಲ್ಲದು. ತೊಗಟೆ ಮೇಲಿನಿಂದ ಕೆಳಗಿನವರೆಗೆ ಪಟ್ಟಿಯಾಗಿ ಸೀಳಿದ ಮರ, ಅದರ ಬುಡದಿಂದಲೇ ಹರಡಿದ ಸುಟ್ಟ ಗುರುತು ಇವು ಸ್ಥಳದಲ್ಲಿ ಸಿಗುವ ಕುರುಹುಗಳು. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯ 'ದಾಮಿನಿ' ಆ್ಯಪ್ ಸಿಡಿಲು ಬಿದ್ದ ಜಾಗವನ್ನು ತೋರಿಸುತ್ತದೆ. ಭಾರತೀಯ ಅರಣ್ಯ ಸರ್ವೇಕ್ಷಣ ಸಂಸ್ಥೆ ಉಪಗ್ರಹಗಳ ನೆರವಿನಿಂದ ಬೆಂಕಿಯ ಎಚ್ಚರಿಕೆ ಸಂದೇಶಗಳನ್ನು ಅರಣ್ಯ ಸಿಬ್ಬಂದಿಗೆ ಕಳುಹಿಸುತ್ತದೆ. ಇಂತಹ ಎರಡೂ ಬಗೆಯ ಮಾಹಿತಿಯನ್ನು ಹೋಲಿಸಿ ನೋಡಿದರೆ ಕಾರಣ ಬಹುಮಟ್ಟಿಗೆ ಸ್ಪಷ್ಟವಾಗುತ್ತದೆ.

ಬೆಂಕಿ ಮಣ್ಣಿಗೆ ಮಾಡುವುದೇನು?

ಮಣ್ಣು ಶಾಖವನ್ನು ಸುಲಭವಾಗಿ ಕೆಳಗೆ ಬಿಡುವುದಿಲ್ಲ. ಬರೀ ಹುಲ್ಲು ಉರಿದ ಕಡೆ ಬೆಂಕಿ ಬೇಗ ಸಾಗಿಹೋಗುವುದರಿಂದ ಶಾಖ ಕೆಲವೇ ಸೆಂಟಿಮೀಟರ್ ಆಳಕ್ಕೆ ಇಳಿದಿರುತ್ತದೆ. ಬೇರು, ಗೆಡ್ಡೆ, ಬೀಜಗಳಲ್ಲಿ ಬಹಳಷ್ಟು ಉಳಿದಿರುತ್ತವೆ. ಬಿದ್ದ ಮರದ ದಿಮ್ಮಿ ಅಥವಾ ಲಂಟಾನದ ದಟ್ಟ ಮೆಳೆ ಗಂಟೆಗಟ್ಟಲೆ ಉರಿದ ಜಾಗದಲ್ಲಿ ಮಾತ್ರ ಮಣ್ಣು ಆಳದವರೆಗೆ ಬೇಯುತ್ತದೆ. ಕರಿಬೂದಿ, ಅರೆಸುಟ್ಟ ಕಡ್ಡಿಗಳಿದ್ದರೆ ಹಗುರ ಬೆಂಕಿ. ಬಿಳಿಬೂದಿ, ಇಟ್ಟಿಗೆಯಂತೆ ಕೆಂಪಾದ ಮಣ್ಣು ಇದ್ದರೆ ತೀವ್ರ ಬೆಂಕಿ ಎಂದು ಸ್ಥೂಲವಾಗಿ ಗುರುತಿಸಬಹುದು. ಸಂಡೂರಿನಂತಹ ಕಡೆ ಮಣ್ಣೇ ಕೆಂಪಾಗಿರುವುದರಿಂದ ಬಣ್ಣವನ್ನು ಪಕ್ಕದ ಸುಡದ ನೆಲದೊಡನೆ ಹೋಲಿಸಬೇಕು.

ತರಗೆಲೆ ಉರಿದಾಗ ಹೊಮ್ಮುವ ಮೇಣದಂತಹ ಅಂಶ ಮಣ್ಣಿನ ಕಣಗಳಿಗೆ ಅಂಟಿ, ನೀರು ಇಂಗದಂತೆ ಮಾಡುವುದೂ ಉಂಟು. ಇದನ್ನು ತಿಳಿಯುವ ವಿಧಾನ ಸರಳ: ಮೇಲಿನ ಬೂದಿಯನ್ನು ಸರಿಸಿ ಒಣಮಣ್ಣಿನ ಮೇಲೆ ನೀರಿನ ಹನಿ ಬಿಡಬೇಕು. ಹನಿ ಐದು ಸೆಕೆಂಡಿಗಿಂತ ಹೆಚ್ಚು ಕಾಲ ಮುತ್ತಿನಂತೆ ನಿಂತರೆ ಆ ನೆಲ ನೀರನ್ನು ದೂಡುತ್ತಿದೆ ಎಂದರ್ಥ.

ಬೂದಿ ಗೊಬ್ಬರವೆಂಬ ನಂಬಿಕೆ ಅರ್ಧ ನಿಜ. ಪೊಟ್ಯಾಸಿಯಂ, ಕ್ಯಾಲ್ಸಿಯಂ, ರಂಜಕದ ಒಂದಷ್ಟು ಅಂಶ ಬೂದಿಯಲ್ಲಿ ಉಳಿಯುತ್ತದೆ. ಸಾರಜನಕ ಮಾತ್ರ ಸುಮಾರು 200 ಡಿಗ್ರಿ ಸೆಲ್ಸಿಯಸ್ ದಾಟಿದೊಡನೆ ಆವಿಯಾಗಿ ಹೋಗತೊಡಗುತ್ತದೆ. ಉಳಿದ ಪೋಷಕಾಂಶವಾದರೂ ಗಿಡಕ್ಕೆ ದಕ್ಕಬೇಕಾದರೆ ಬೂದಿ ಗುಡ್ಡದ ಮೇಲೆಯೇ ನಿಲ್ಲಬೇಕು.

ಮೊದಲ ವಾರದ ಕೆಲಸ

ಬೆಂಕಿ ನಂದಿದೆ ಎಂದು ಖಚಿತಪಡಿಸಿಕೊಳ್ಳುವುದೇ ಮೊದಲ ಹೆಜ್ಜೆ. ಸುಟ್ಟ ಪ್ರದೇಶದ ಅಂಚಿನ ಪೊಳ್ಳು ಮರ, ಮೋಟು, ಬೇರುಗಳಲ್ಲಿ ಹೊಗೆ ಇದೆಯೇ ಎಂದು ಹಲವು ದಿನ ಪರೀಕ್ಷಿಸಬೇಕು. ಬುಡ ಸುಟ್ಟ ಮರ ಗಾಳಿಯಿಲ್ಲದೆಯೂ ಉರುಳಬಹುದು. ಬೇರು ಉರಿದು ಹೋದ ಜಾಗದಲ್ಲಿ ನೆಲ ಕುಸಿಯಬಹುದು. ಸೌದೆಗಾಗಿ ಮರುದಿನವೇ ಗುಡ್ಡ ಹತ್ತುವುದು ಪ್ರಾಣಾಪಾಯಕ್ಕೆ ದಾರಿ.

ಎರಡನೆಯದು ನಕ್ಷೆ. ಸುಟ್ಟ ಪ್ರದೇಶವನ್ನೆಲ್ಲ ದುರಸ್ತಿ ಮಾಡುವ ಹಣವಾಗಲಿ, ಕೈಗಳಾಗಲಿ ಎಲ್ಲಿಯೂ ಇರುವುದಿಲ್ಲ. ಅದರ ಅಗತ್ಯವೂ ಇಲ್ಲ. ತೀವ್ರವಾಗಿ ಸುಟ್ಟ, ಕಡಿದಾದ, ಕೆಳಗೆ ಕೆರೆ, ರಸ್ತೆ, ಹೊಲ ಅಥವಾ ಮನೆಗಳಿರುವ ಇಳಿಜಾರುಗಳು ಯಾವುವು ಎಂದು ಗುರುತಿಸಿ ಅಲ್ಲಿಗೆ ಶ್ರಮವನ್ನು ಕೇಂದ್ರೀಕರಿಸಬೇಕು. ಅಮೆರಿಕದ ಅರಣ್ಯ ಸೇವೆ ಬೆಂಕಿ ಪೂರ್ತಿ ಹತೋಟಿಗೆ ಬರುವ ಮುನ್ನವೇ ಮಣ್ಣು, ನೀರು, ಸಸ್ಯ ತಜ್ಞರ ತಂಡವನ್ನು ಕಳುಹಿಸುವುದು ಇದೇ ಕಾರಣಕ್ಕೆ.

ಮರಗಳ ಲೆಕ್ಕಕ್ಕೆ ಅವಸರ ಬೇಡ. ಎಲೆ ಕರಿದಾದ ಮಾತ್ರಕ್ಕೆ ಮರ ಸತ್ತಿತೆಂದಲ್ಲ. ಬುಡದ ತೊಗಟೆಯನ್ನು ಸ್ವಲ್ಪವೇ ಕೆರೆದಾಗ ಒಳಪದರ ಹಸಿಯಾಗಿ, ತಿಳಿಯಾಗಿ ಕಂಡರೆ ಜೀವವಿದೆ. ಕಂದಾಗಿ ಒಣಗಿದ್ದರೆ ಆ ಭಾಗ ಸತ್ತಿದೆ. ದಾರಿಯ ಮೇಲೆ ಬೀಳುವಂತಿರುವ ಮರಗಳ ಹೊರತು ಉಳಿದವನ್ನು ಒಂದು ಮಳೆಗಾಲ ಕಾಯ್ದು ನೋಡಿ ನಿರ್ಧರಿಸುವುದೇ ವಿವೇಕ.

ಮಳೆಗೆ ಮುನ್ನ ಮಣ್ಣಿಗೆ ತಡೆ

ಸುಟ್ಟ ನೆಲಕ್ಕೆ ಬೇಕಾದ ತಕ್ಷಣದ ಚಿಕಿತ್ಸೆ ಹೊದಿಕೆ. ಹನಿಗಳ ಹೊಡೆತ ನೇರವಾಗಿ ಮಣ್ಣಿಗೆ ಬೀಳದಂತೆ ಹುಲ್ಲು, ಸೊಪ್ಪು ಹರಡಬೇಕು. ನೆಲದ ಅರ್ಧಕ್ಕಿಂತ ಹೆಚ್ಚು ಭಾಗ ಮುಚ್ಚಿದರೂ ಸವಕಳಿ ಗಣನೀಯವಾಗಿ ಇಳಿಯುತ್ತದೆ. ಬಳ್ಳಾರಿ ಜಿಲ್ಲೆಗೆ ಈ ವಿಷಯದಲ್ಲಿ ಒಂದು ಅನುಕೂಲವಿದೆ. ತುಂಗಭದ್ರಾ ಕಾಲುವೆಯ ನೀರುಂಡ ಸಿರುಗುಪ್ಪ, ಕುರುಗೋಡು ಭಾಗಗಳಲ್ಲಿ ಭತ್ತ ದೊಡ್ಡ ಬೆಳೆ. ಯಂತ್ರದ ಕೊಯ್ಲಿನ ನಂತರ ಗದ್ದೆಯಲ್ಲೇ ಉಳಿಯುವ ಹುಲ್ಲಿನ ಒಂದು ಪಾಲು ಗುಡ್ಡದ ಆಯ್ದ ಇಳಿಜಾರುಗಳಿಗೆ ಹೊದಿಕೆಯಾಗಬಲ್ಲದು. ಗಾಳಿಗೆ ಹಾರದಂತೆ ಅದರ ಮೇಲೆ ಸುಟ್ಟ ಕೊಂಬೆಗಳನ್ನು ಅಡ್ಡಲಾಗಿ ಇಡಬೇಕು. ಆದರೆ ಒಣಹುಲ್ಲೂ ಇಂಧನವೇ. ಕೆಂಡ ಪೂರ್ತಿ ಆರುವ ಮುನ್ನ ಅದನ್ನು ಗುಡ್ಡಕ್ಕೆ ಒಯ್ಯಕೂಡದು.

ಎರಡನೆಯ ತಡೆ ಕಲ್ಲು ಮತ್ತು ಮರದ್ದು. ಸುಟ್ಟು ಬಿದ್ದ ಕೊಂಬೆ, ದಿಮ್ಮಿಗಳನ್ನು ಇಳಿಜಾರಿಗೆ ಅಡ್ಡಲಾಗಿ, ಸಮಪಾತಳಿಯ ಗೆರೆಯಲ್ಲಿ, ನೆಲಕ್ಕೆ ಕಚ್ಚಿಕೊಳ್ಳುವಂತೆ ಇಡಲಾಗುತ್ತದೆ. ಚಿಕ್ಕ ಕೊರಕಲುಗಳಿಗೆ ಅಲ್ಲೇ ಸಿಗುವ ಕಲ್ಲುಗಳಿಂದ ತಗ್ಗಿನ ತಡೆಗಳನ್ನು ಕಟ್ಟಬಹುದು. ಇವುಗಳಿಗೆ ಮೂರು ನಿಯಮ. ಕೆಲಸ ಮೇಲಿನಿಂದ ಕೆಳಕ್ಕೆ ಸಾಗಬೇಕು. ತಡೆಯ ನಡುಭಾಗ ಅಂಚುಗಳಿಗಿಂತ ತಗ್ಗಾಗಿರಬೇಕು. ಇಲ್ಲದಿದ್ದರೆ ನೀರು ಪಕ್ಕದ ದಂಡೆಯನ್ನು ಕೊರೆಯುತ್ತದೆ. ಕೆಳಗಿನ ತಡೆಯ ತಲೆ ಮೇಲಿನ ತಡೆಯ ಬುಡಕ್ಕೆ ಸಮನಾಗಿರಬೇಕು. ಎತ್ತರದ ಒಂದು ಗೋಡೆಗಿಂತ ಇಂತಹ ಹತ್ತು ಕುಳ್ಳ ತಡೆಗಳು ಮೇಲು.

ಯಂತ್ರಗಳನ್ನು ಗುಡ್ಡಕ್ಕೆ ಏರಿಸಿ ಆಳವಾದ ಕಂದಕ ತೋಡುವುದು ಸುಟ್ಟ ನೆಲಕ್ಕೆ ಎರಡನೆಯ ಗಾಯ. ಬೆಂಕಿ ಆರಿಸುವಾಗ ಅವಸರದಲ್ಲಿ ಕಡಿದ ಬೆಂಕಿರೇಖೆ, ವಾಹನ ಓಡಾಡಿದ ಜಾಡುಗಳೂ ಮಳೆಯಲ್ಲಿ ಕೊರಕಲಾಗಬಲ್ಲವು. ಅವುಗಳಿಗೆ ಅಡ್ಡಲಾಗಿ ಚಿಕ್ಕ ದಿಬ್ಬಗಳನ್ನು ಹಾಕಿ ನೀರನ್ನು ಪಕ್ಕದ ಹುಲ್ಲಿಗೆ ತಿರುಗಿಸಬೇಕು.

ಈ ಕೌಶಲಗಳಿಗೆ ದೂರ ಹುಡುಕಬೇಕಿಲ್ಲ. ಒಣಸೀಮೆಯ ಮಣ್ಣು, ನೀರಿನ ಸಂರಕ್ಷಣೆಗೆ ಮೀಸಲಾದ ಕೇಂದ್ರ ಸರ್ಕಾರದ ಸಂಶೋಧನಾ ಕೇಂದ್ರ 1954ರಿಂದ ಬಳ್ಳಾರಿಯಲ್ಲೇ ಇದೆ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನು ತಡೆದ ನಂತರ, ಗಣಿಗಳ ಪುನಶ್ಚೇತನ ಯೋಜನೆಗಳಡಿ ತಡೆಗೋಡೆ, ಚೆಕ್‌ಡ್ಯಾಂ, ನೀರುಗಾಲುವೆಗಳ ಕೆಲಸ ಇದೇ ಬೆಟ್ಟಗಳಲ್ಲಿ ನಡೆದಿದೆ. ಆ ಅನುಭವ ಸುಟ್ಟ ಇಳಿಜಾರಿಗೂ ಉಪಯುಕ್ತ.

ಗಿಡ ನೆಡುವ ಅವಸರ

ಬೆಂಕಿ ಬಿದ್ದ ಮೇಲೆ ಸಾರ್ವಜನಿಕರಲ್ಲಿ ಮೂಡುವ ಮೊದಲ ಉತ್ಸಾಹ ಗಿಡ ನೆಡುವುದು, ಬೀಜದುಂಡೆ ಎಸೆಯುವುದು. ಉದ್ದೇಶ ಒಳ್ಳೆಯದಾದರೂ ಅನುಭವ ಬೇರೆ ಪಾಠ ಹೇಳುತ್ತದೆ. 1988ರಲ್ಲಿ ಅಮೆರಿಕದ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದ ಶೇ. 36ರಷ್ಟು ಪ್ರದೇಶ ಬೆಂಕಿಗೆ ಸಿಲುಕಿತು. ಅಲ್ಲಿನ ಬೆಂಕಿಗಳಲ್ಲಿ ಅನೇಕವು ಸಿಡಿಲಿನಿಂದ ಹೊತ್ತಿದವು. ಕಾಡನ್ನು ಕೈಯಿಂದ ನೆಡದೆ ಪ್ರಕೃತಿಗೆ ಬಿಡಲಾಯಿತು. ಪೈನ್ ಕಾಡು ತನ್ನ ಬೀಜದಿಂದಲೇ ಮತ್ತೆ ಎದ್ದಿತು. ಬೆಂಕಿಯ ನಂತರ ಹುಲ್ಲಿನ ಬೀಜ ಎರಚುವುದರಿಂದ ಮೊದಲ ಮಳೆಗಾಲದ ಸವಕಳಿ ಹೆಚ್ಚೇನೂ ತಗ್ಗುವುದಿಲ್ಲವೆಂದು, ನೆಲಹೊದಿಕೆ ಹೆಚ್ಚು ಪರಿಣಾಮಕಾರಿ ಎಂದು ಅಲ್ಲಿನ ಅರಣ್ಯ ಸೇವೆಯ ವಿಮರ್ಶೆಗಳು ತಿಳಿಸಿವೆ. ಬೀಜ ಮೊಳೆತು ಬೇರೂರುವ ಮುನ್ನವೇ ರಭಸದ ಮಳೆ ಬಂದುಬಿಡುವುದು ಇದಕ್ಕೆ ಕಾರಣ.

ಕರ್ನಾಟಕದಲ್ಲಿ ಇತ್ತೀಚಿನ ದೊಡ್ಡ ಉದಾಹರಣೆ ಬಂಡೀಪುರ. 2019ರ ಫೆಬ್ರವರಿಯಲ್ಲಿ ಅಲ್ಲಿ ಸುಮಾರು 4,400 ಹೆಕ್ಟೇರ್ ಕಾಡು ಸುಟ್ಟಿತೆಂದು ಉಪಗ್ರಹ ಚಿತ್ರಗಳ ಆಧಾರದ ಅಂದಾಜು ಹೇಳಿತು. ವಾಯುಪಡೆಯ ಹೆಲಿಕಾಪ್ಟರ್‌ಗಳು ನೀರು ಸುರಿದವು. ಅದು ಸಿಡಿಲಿನ ಬೆಂಕಿಯಲ್ಲ, ಮನುಷ್ಯರಿಂದಾದದ್ದು. ಆದರೂ ಒಣ ಎಲೆಯುದುರುವ ಕಾಡು ಹೇಗೆ ಮರಳುತ್ತದೆ ಎಂಬುದನ್ನು ಅದು ತೋರಿಸಿತು: ಮಳೆ ಬಿದ್ದೊಡನೆ ಹುಲ್ಲು ಎದ್ದಿತು, ಬುಡಗಳು ಚಿಗುರಿದವು.

ಬಳ್ಳಾರಿ ಬೆಟ್ಟಗಳ ಸಸ್ಯಗಳಿಗೂ ಈ ಶಕ್ತಿಯಿದೆ. ಮುತ್ತುಗ, ತೂಬರೆ ಬೇರಿನಿಂದಲೇ ಹೊಸ ಕುಡಿ ಹೊಮ್ಮಿಸುತ್ತವೆ. ಬೇವು ಬುಡದಿಂದ ಚಿಗುರುತ್ತದೆ. ಹೀಗೆ ಎದ್ದ ಕುಡಿಗೆ ಹಳೆಯ ಬೇರಿನ ಬಲವಿರುವುದರಿಂದ ನರ್ಸರಿ ಸಸಿಗಿಂತ ಬೇಗ ಬೆಳೆಯುತ್ತದೆ. ಒಂದು ಬುಡದ ಹಲವು ಚಿಗುರುಗಳಲ್ಲಿ ಗಟ್ಟಿಯಾದ ಒಂದೆರಡನ್ನು ಉಳಿಸಿ ಮಿಕ್ಕವನ್ನು ಮುಂದಿನ ವರ್ಷ ಸವರಿದರೆ ಸಾಕು. ಬೆಂಕಿಗೆ ಸೂಕ್ಷ್ಮವಾದ ಶ್ರೀಗಂಧದಂತಹ ಮರಗಳಿದ್ದ ಕಡೆ, ಒಂದು ಮಳೆಗಾಲ ಕಳೆದರೂ ಏನೂ ಚಿಗುರದ ಬರಡು ತಾಣಗಳಲ್ಲಿ ಮಾತ್ರ ಸ್ಥಳೀಯ ಜಾತಿಯ ಸಸಿಗಳನ್ನು ನೆಡುವುದು ಸರಿಯಾದ ಕ್ರಮ. ಮೀಸಲು ಅರಣ್ಯದಲ್ಲಿ ನೆಡುವುದಿರಲಿ, ಕಡಿಯುವುದಿರಲಿ ಅರಣ್ಯ ಇಲಾಖೆಯ ಅನುಮತಿ ಕಡ್ಡಾಯ.

ಬಳ್ಳಾರಿ ಜಾಲಿಯ ಸವಾಲು

ಸುಟ್ಟ ನೆಲಕ್ಕೆ ಮೊದಲು ಬರುವ ಅತಿಥಿಗಳೆಲ್ಲ ಒಳ್ಳೆಯವರಲ್ಲ. ಹೊರದೇಶದಿಂದ ಬಂದು ಈ ಜಿಲ್ಲೆಯ ಹೆಸರನ್ನೇ ಹೊತ್ತು ನಿಂತಿರುವ ಬಳ್ಳಾರಿ ಜಾಲಿ ಬುಡ ಸುಟ್ಟರೂ, ಕಡಿದರೂ ಮತ್ತೆ ಚಿಗುರುತ್ತದೆ. ಅದರ ಸಿಹಿ ಕಾಯಿ ತಿಂದ ಕುರಿ, ಮೇಕೆ, ದನಗಳ ಹಿಕ್ಕೆ ಸಗಣಿಗಳ ಮೂಲಕ ಬೀಜ ಹೊಸ ಜಾಗಕ್ಕೆ ಹೋಗುತ್ತದೆ. ಲಂಟಾನವೂ ಹಾಗೆಯೇ ಬುಡದಿಂದ ಏಳುತ್ತದೆ. ಅದರ ಬೀಜ ಹರಡುವುದು ಹಕ್ಕಿಗಳಿಂದ. ಒಣಗಿದ ಲಂಟಾನ ನೆಲದ ಬೆಂಕಿಯನ್ನು ಮರದ ಕೊಂಬೆಗೆ ಏರಿಸುವ ಏಣಿಯಾಗುತ್ತದೆ. ಮೊದಲ ಮಳೆಯ ನಂತರ ನೆಲ ಮೆದುವಾಗಿರುವಾಗ ಈ ಎರಡರ ಎಳೆಯ ಗಿಡಗಳನ್ನು ಬೇರುಸಹಿತ ಕೀಳುವುದು ಸುಲಭ. ಎರಡು ವರ್ಷ ತಡವಾದರೆ ಅದೇ ಕೆಲಸಕ್ಕೆ ಹತ್ತು ಪಟ್ಟು ಶ್ರಮ ಬೇಕಾದೀತು.

ಮೇವು ಮತ್ತು ಊರಿನ ಒಪ್ಪಂದ

ಸುಟ್ಟ ಗುಡ್ಡದಲ್ಲಿ ಮಳೆಯ ನಂತರ ಏಳುವ ಎಳೆಹುಲ್ಲು ಜಾನುವಾರುಗಳಿಗೆ ಬಲು ಇಷ್ಟ. ನೆಲಕ್ಕೆ ಅದೇ ಏಕೈಕ ಹೊದಿಕೆ. ಬೇರು ಬಲಿಯುವ ಮುನ್ನ ಅದು ಮೇವಾದರೆ, ಗೊರಸಿನ ತುಳಿತಕ್ಕೆ ಮಣ್ಣು ಸಡಿಲವಾದರೆ ಉಳಿದ ದುರಸ್ತಿಯೆಲ್ಲ ವ್ಯರ್ಥ. ಆದುದರಿಂದ ಒಂದೆರಡು ಮಳೆಗಾಲದ ಮಟ್ಟಿಗಾದರೂ ಸುಟ್ಟ ಭಾಗವನ್ನು ಮೇಯಿಸದೆ ಬಿಡುವುದು ಅನಿವಾರ್ಯ.

ಇಲ್ಲಿ ಒಂದು ಸೂಕ್ಷ್ಮವಿದೆ. ಉದ್ದೇಶಪೂರ್ವಕವಾಗಿ ಅಥವಾ ಘೋರ ನಿರ್ಲಕ್ಷ್ಯದಿಂದ ಮೀಸಲು ಅರಣ್ಯಕ್ಕೆ ಬೆಂಕಿ ಬಿದ್ದರೆ ಅಲ್ಲಿನ ಮೇವಿನ ಹಕ್ಕನ್ನು ಸರ್ಕಾರ ಅಮಾನತಿನಲ್ಲಿಡಬಹುದೆಂದು 1927ರ ಭಾರತೀಯ ಅರಣ್ಯ ಕಾಯ್ದೆಯ 26ನೆಯ ಕಲಂ ಹೇಳುತ್ತದೆ. ಅದು ಒಂದು ಬಗೆಯ ದಂಡನೆ. ಸಿಡಿಲಿನ ಬೆಂಕಿಯಲ್ಲಿ ತಪ್ಪಿತಸ್ಥರೇ ಇಲ್ಲ. ತಾನು ಮಾಡದ ತಪ್ಪಿಗೆ ಕುರಿಗಾಹಿ ಗುಡ್ಡವನ್ನು ಬಿಡಬೇಕಾದಾಗ ಅದನ್ನು ಶಿಕ್ಷೆಯಂತೆ ಹೇರುವುದು ನ್ಯಾಯವೂ ಅಲ್ಲ, ಫಲಕಾರಿಯೂ ಅಲ್ಲ. ಕರ್ನಾಟಕದಲ್ಲಿ 1993ರಲ್ಲಿ ಆರಂಭವಾದ ಜಂಟಿ ಅರಣ್ಯ ಯೋಜನೆಯ ಗ್ರಾಮ ಅರಣ್ಯ ಸಮಿತಿಗಳು ಇಂತಹ ಮಾತುಕತೆಗೆ ತಕ್ಕ ವೇದಿಕೆ. ಗುಡ್ಡದ ಯಾವ ಪಾಲನ್ನು ಎಷ್ಟು ಕಾಲ ಮುಚ್ಚಬೇಕು, ಅಲ್ಲಿಯವರೆಗೆ ಯಾವ ಪಾಲು ತೆರೆದಿರಬೇಕು, ಹುಲ್ಲು ಬಲಿತ ಮೇಲೆ ಕೊಯ್ದು ಒಯ್ಯಲು ಯಾರಿಗೆ ಅವಕಾಶ ಎಂಬುದು ಬೆಂಕಿ ಆರಿದ ಮೊದಲ ವಾರಗಳಲ್ಲೇ ತೀರ್ಮಾನವಾಗಬೇಕು. ತಡೆ ಕಟ್ಟುವ, ಹೊದಿಕೆ ಹರಡುವ ಕೂಲಿ ಅದೇ ಊರಿನವರಿಗೆ ದೊರೆತರೆ ಒಪ್ಪಂದಕ್ಕೆ ಬಲ ಬರುತ್ತದೆ.

ರಕ್ಷಣೆಯಿಂದ ಈ ಸೀಮೆಯ ನೆಲ ಚೇತರಿಸಿಕೊಳ್ಳುತ್ತದೆ ಎಂಬುದಕ್ಕೆ ನೆರೆಯಲ್ಲೇ ನಿದರ್ಶನವಿದೆ. ದರೋಜಿ ಬಳಿಯ ಬಿಳಿಕಲ್ಲು ಪ್ರದೇಶ 1994ರಲ್ಲಿ ಕರಡಿಧಾಮವಾಯಿತು. ಬೋಳು ಬಂಡೆಗಳ ಗುಡ್ಡಗಳಾಗಿದ್ದ ಆ ತಾಣ ಕಾವಲು ಮತ್ತು ಗಿಡಗಳ ಪಾಲನೆಯಿಂದ ಹಸಿರಾಗಿ, ಇಂದು ಕರಡಿಗಳ ನೆಲೆಯೆಂದು ಹೆಸರಾಗಿದೆ.

ಗುಡ್ಡದಂಚಿನ ಹೊಲಗಳು

ಸುಟ್ಟ ಗುಡ್ಡದ ಬುಡದಲ್ಲಿ ಹೊಲವಿರುವ ರೈತರು ಆ ವರ್ಷ ಎಂದಿಗಿಂತ ಹೆಚ್ಚು ನೀರು, ಮಣ್ಣು, ಕಲ್ಲು ಹರಿದು ಬರುವುದನ್ನು ನಿರೀಕ್ಷಿಸಬೇಕು. ಬದುಗಳ ಬಿರುಕು ಮುಚ್ಚುವುದು, ಹೆಚ್ಚುವರಿ ನೀರು ಹೊರಹೋಗುವ ಕೋಡಿಗೆ ಕಲ್ಲು ಹೊದಿಸುವುದು, ಹೊಲದಂಚಿನ ಕಾಲುವೆಯ ಕಸ ತೆಗೆಯುವುದು ಬಿತ್ತನೆಗೆ ಮುನ್ನ ಮುಗಿಯಬೇಕಾದ ಕೆಲಸಗಳು. ಇಳಿಜಾರಿಗೆ ಅಡ್ಡಲಾಗಿ ಉಳುಮೆ ಮಾಡಬೇಕು. ಬೂದಿ ಬೆರೆತ ಮೊದಲ ನೀರು ಕೆರೆಗೆ ಬಂದಾಗ ಬಣ್ಣ, ವಾಸನೆ ಕೆಡಬಹುದು. ಅದು ತಿಳಿಯಾಗುವವರೆಗೆ ಜಾನುವಾರುಗಳಿಗೆ ಬೇರೆ ನೀರು ಒದಗಿಸುವುದು ಒಳಿತು.

ಮೂರು ವರ್ಷಗಳ ಕಾವಲು

ಮೊದಲ ವರ್ಷದ ಪ್ರತಿ ದೊಡ್ಡ ಮಳೆಯ ನಂತರ ತಡೆಗಳನ್ನು ಪರೀಕ್ಷಿಸಿ ಕಿತ್ತುಹೋದ ಕಲ್ಲನ್ನು ಮತ್ತೆ ಕೂರಿಸಬೇಕು. ಎರಡನೆಯ ವರ್ಷ ಚಿಗುರಿದ ಬುಡಗಳನ್ನು ಎಣಿಸಿ, ಬರಡು ತಾಣಗಳನ್ನು ಗುರುತಿಸಿ ಅಗತ್ಯವಿದ್ದಲ್ಲಿ ಸಸಿ ನೆಡಬೇಕು. ಇವೆಲ್ಲಕ್ಕಿಂತ ಮುಖ್ಯವಾದುದು ಅದೇ ನೆಲಕ್ಕೆ ಬೇಗನೆ ಮತ್ತೊಂದು ಬೆಂಕಿ ಬೀಳದಂತೆ ಕಾಯುವುದು. ಒಂದು ಬೆಂಕಿಯನ್ನು ಬೇರಿನ ಬಲದಿಂದ ಗೆದ್ದ ಎಳೆಯ ಕುಡಿ ಮರುವರ್ಷವೇ ಮತ್ತೆ ಸುಟ್ಟರೆ ಬೇರಿನಲ್ಲಿ ಕೂಡಿಟ್ಟ ಶಕ್ತಿ ತೀರುತ್ತದೆ. ಕಾಡು ಕುರುಚಲಾಗುತ್ತದೆ, ಕುರುಚಲು ಬರೀ ಹುಲ್ಲಾಗುತ್ತದೆ. ಬೇಸಿಗೆಗೆ ಮುನ್ನ ಬೆಂಕಿರೇಖೆ ಸವರುವುದು, ಕಾವಲುಗಾರರನ್ನು ನೇಮಿಸುವುದು ಸುಟ್ಟ ಭಾಗದಲ್ಲಿ ಕನಿಷ್ಠ ಮೂರು ವರ್ಷ ತಪ್ಪಬಾರದು.

ಸಿಡಿಲನ್ನು ತಡೆಯುವುದು ಯಾರ ಕೈಯಲ್ಲೂ ಇಲ್ಲ. ಸಿಡಿಲು ಬಿದ್ದ ದಿನಕ್ಕೂ ಬಿರುಮಳೆ ಬೀಳುವ ದಿನಕ್ಕೂ ನಡುವೆ ಉಳಿದ ಕೆಲವು ವಾರಗಳು ಮಾತ್ರ ಊರಿನ, ಇಲಾಖೆಯ ಕೈಯಲ್ಲಿರುತ್ತವೆ. ಅಷ್ಟರೊಳಗೆ ಇಳಿಜಾರಿಗೆ ಹೊದಿಕೆ ಬಿದ್ದು, ಕೊರಕಲಿಗೆ ಕಲ್ಲು ಕೂತು, ಹಿಂಡು ಬೇರೆ ಗುಡ್ಡಕ್ಕೆ ತಿರುಗಿದರೆ ಉಳಿದ ಕೆಲಸವನ್ನು ನೆಲದೊಳಗಿನ ಬೇರುಗಳೇ ಮಾಡಿಕೊಳ್ಳುತ್ತವೆ.